ಕೊಬ್ಬಿನ ಕಣದವರಿಗೆ ಕಾಮಗೆರೆಯಿಂದ ಒಂದು ಬಹಿರಂಗ ಪತ್ರ

ಸನ್ಮಾನ್ಯ ಲಿಪಿಡ್ ನ್ಯಾನೋಕಣದವರ ಪಾದಗಳಿಗೆ,

ಪಾದ ಇದೆಯೋ ಇಲ್ಲವೋ ತಿಳಿಯದು. ಕೂದಲೆಳೆಯ ದಪ್ಪದ ಮುಂದೆಯೂ ತಾವು ನೂರಾರು ಪಟ್ಟು ಸಣ್ಣವರಂತೆ. ಕೋವಿಡ್ ಕಾಲದಲ್ಲಿ ಫೈಜರ್, ಮಾಡರ್ನಾ ಲಸಿಕೆಗಳಲ್ಲಿ ಕೂತು ಲೋಕವೆಲ್ಲ ಸುತ್ತಿದಿರಿ. ನಮ್ಮ ಕಡೆಗೆ ಬರಲಿಲ್ಲ. ಇಲ್ಲಿ ಚುಚ್ಚಿದ್ದು ಕೋವಿಶೀಲ್ಡ್, ಕೋವ್ಯಾಕ್ಸಿನ್. ಫೈಜರ್‌ನವರ ಲಸಿಕೆಗೆ ಮೈನಸ್ 70 ಡಿಗ್ರಿ ಬೇಕಿತ್ತು. ಕರೆಂಟ್ ಹೋದರೆ ನಮ್ಮಲ್ಲಿ ಐಸ್‌ಕ್ಯಾಂಡಿಯೇ ನಿಲ್ಲದು.

ಈಗ ಜೀನ್ ಚಿಕಿತ್ಸೆ ಹೊತ್ತು ಬರುತ್ತೀರಂತೆ, ಸಂತೋಷ. ಜೀನ್ ಹೊರುವ ವೈರಸ್‌ಗಿಂತ ತಾವು ಸಾಧು ಅಂತಲೂ ಕೇಳಿದ್ದೇವೆ. ಆದರೆ 2018ರಲ್ಲಿ ಒಪ್ಪಿಗೆ ಪಡೆದ ಆನ್‌ಪ್ಯಾಟ್ರೋ ಎಂಬ ಔಷಧಿಯಲ್ಲಿ ಆರ್‌ಎನ್‌ಎ ಹೊತ್ತು ಬಂದಾಗ, ತಾವು ಮೈಗಿಳಿಯುವ ಒಂದು ಗಂಟೆ ಮೊದಲೇ ರೋಗಿಗೆ ಸ್ಟೆರಾಯ್ಡ್, ಪ್ಯಾರಾಸಿಟಮಾಲ್, ಅಲರ್ಜಿ ಔಷಧಿ ಕೊಡಬೇಕಿತ್ತು. ಬರುವ ಬೀಗರು ಸಾಧುಗಳೇ, ಮನೆಯವರಿಗೆ ಮಾತ್ರ ಮೊದಲೇ ಗುಳಿಗೆ!

ರಕ್ತಕ್ಕಿಳಿದ ಕೂಡಲೇ ಅಪೊ-ಇ ಎಂಬ ಪ್ರೋಟೀನ್ ತಮ್ಮನ್ನು ಲಿವರ್‌ಗೆ ಕರೆದೊಯ್ಯುತ್ತದೆ. ಬೋರ್ಡಿನಲ್ಲಿ ಮಾದಪ್ಪನ ಬೆಟ್ಟ ಅಂತ ಬರೆದು ಕೊಳ್ಳೇಗಾಲದಲ್ಲೇ ಇಳಿಸಿಬಿಡುವ ಬಸ್ಸಿನ ಹಾಗೆ. ನಮ್ಮ ಸೋಲಿಗರ ಪೋಡುಗಳಲ್ಲಿ, ಅಂದರೆ ಕಾಡಿನ ಹಾಡಿಗಳಲ್ಲಿ, ಕಾಣುವುದು ಕುಡಗೋಲು ಕಣ ರಕ್ತಹೀನತೆ. ಅದರ ಬೇರು ಮೂಳೆಯ ಮಜ್ಜೆಯಲ್ಲಿ. ಲಿವರ್‌ನಲ್ಲಿ ಇಳಿದು ಏನು ಮಾಡೋಣ?

ಲಿವರ್‌ಗಾದರೂ ಸುಖವೇ? 2024ರ ಏಪ್ರಿಲ್‌ನಲ್ಲಿ ವರ್ವ್ ಕಂಪನಿ ಕೊಲೆಸ್ಟ್ರಾಲ್ ಇಳಿಸುವ ಪ್ರಯೋಗಕ್ಕೆ ಹೊಸಬರನ್ನು ಸೇರಿಸುವುದನ್ನು ನಿಲ್ಲಿಸಿತು. ಒಬ್ಬರಿಗೆ ಲಿವರ್ ಕಿಣ್ವ ಏರಿ ಪ್ಲೇಟ್‌ಲೆಟ್ ಇಳಿದಿತ್ತು. ಕಂಪನಿಯ ಅನುಮಾನ ಸರಕಿನ ಮೇಲಲ್ಲ, ಗಾಡಿಯ ಮೇಲೆ, ಅಂದರೆ ತಮ್ಮ ಮೇಲೆ. ಗಾಡಿ ಬದಲಿಸಿ ಮತ್ತೆ ಹೊರಟರು. 2025ರ ಅಕ್ಟೋಬರ್‌ನಲ್ಲಿ ಇಂಟೆಲಿಯಾ ಕಂಪನಿಯವರೂ ಜೀನ್ ತಿದ್ದುವ ಪ್ರಯೋಗವನ್ನು ನಿಲ್ಲಿಸಬೇಕಾಯಿತು. ಅಲ್ಲಿ ಒಬ್ಬ ರೋಗಿಯ ಲಿವರ್ ಕೆಟ್ಟದ್ದು ಔಷಧಿ ಕೊಟ್ಟು ಮೂರು ವಾರ ಕಳೆದ ಮೇಲೆ. ಆ ರೋಗಿ ನವೆಂಬರ್‌ನಲ್ಲಿ ತೀರಿಕೊಂಡರು. ತಪ್ಪು ತಮ್ಮದೋ, ತಾವು ಹೊತ್ತ ಜೀನ್ ಕತ್ತರಿಯದೋ, ಬೇರೆ ಕಾಯಿಲೆಯದೋ, ಅದನ್ನು ತಜ್ಞರು ಜಗಳಾಡಿಕೊಳ್ಳಲಿ. ನನಗೆ ಕಾಡುವುದು ಆ ಮೂರು ವಾರ.

ಅಲ್ಲಿ ರಕ್ತ ತೆಗೆದು ನೋಡುವವರಿದ್ದರು, ಕಿಣ್ವ ಏರಿದ್ದು ಗೊತ್ತಾಯಿತು. ಪೋಡಿನ ಹುಡುಗ ಡ್ರಿಪ್ ಹಾಕಿಸಿಕೊಂಡ ಮಾರನೇ ದಿನ ಕೂಲಿಗೆ ಹೋಗಿರುತ್ತಾನೆ, ಬುದ್ಧಿ. ಇಪ್ಪತ್ತನೇ ದಿನ ಅವನನ್ನು ಹುಡುಕಿಕೊಂಡು ಕಾಡಿನ ದಾರಿ ಹತ್ತುವವರು ಯಾರು? ತಾವು ಬರುವಾಗ ಅವರನ್ನೂ ಜೊತೆಗೆ ಕರೆದುಕೊಂಡು ಬನ್ನಿ. ಬಸ್‌ಚಾರ್ಜು ನಾವೇ ಕೊಡುತ್ತೇವೆ.

ಇತಿ,
ಕಾಮಗೆರೆಯ ಒಂದು ಲಿವರ್
(ಸದ್ಯಕ್ಕೆ ಕ್ಷೇಮ)