ಅಮಲ್ದಾರರ ಹುಕುಂ, ಒಂದು ಲೋಟ ಬಾರ್ಲಿ ಚಾ

ಶಿಕಾರಿಪುರ ಸೀಮೆಯಲ್ಲಿ ದಿನನಿತ್ಯ ಕುಡಿಯುವ ಪದಾರ್ಥಗಳಿಗೆ ಎರಡೇ ಜಾತಿ. ಹಾಲು, ಸಕ್ಕರೆ ಬಿದ್ದದ್ದು ಚಾ, ಬೀಳದ್ದು ಔಷಧಿ. ಮಜ್ಜಿಗೆ, ಎಳನೀರು, ಪಾನಕ ಎಲ್ಲ ಬಿಸಿಲು ಮತ್ತು ನೆಂಟರ ಬಾಬತ್ತು, ಅವನ್ನು ಈ ಲೆಕ್ಕಕ್ಕೆ ಹಿಡಿಯುವಂತಿಲ್ಲ. ಆದರೆ ಕಂದು ಬಣ್ಣದ, ಹಾಲಿಲ್ಲದ, ಸಿಹಿಯಿಲ್ಲದ ಏನನ್ನೋ ಲೋಟದಲ್ಲಿ ಹಿಡಿದು ಯಾರಾದರೂ ಕಟ್ಟೆಯ ಮೇಲೆ ಕೂತಿದ್ದರೆ, ಹಾದುಹೋಗುವವರು “ಚಾ ಆತಾ?” ಅನ್ನುವುದಿಲ್ಲ. “ಯಾವಾಗಿಂದ?” ಅನ್ನುತ್ತಾರೆ.

ಈ ಶಾಸ್ತ್ರವನ್ನು ಕಟ್ಟಿಕೊಂಡೇ ನನ್ನ ಅಪ್ಪ, ಅಮ್ಮ ಈಸೂರಿನಿಂದ ಟೋಕಿಯೊಗೆ ಬಂದರು. ಅದೂ ಆಗಸ್ಟಿನಲ್ಲಿ. ಬುದ್ಧಿಯಿದ್ದವರು ಯಾರೂ ಹೆತ್ತವರನ್ನು ಆಗಸ್ಟಿನಲ್ಲಿ ಟೋಕಿಯೊಗೆ ಕರೆಸುವುದಿಲ್ಲ. ಆದರೆ ಮೊಮ್ಮಗನಿಗೆ ಇಸ್ಕೂಲು ರಜೆ ಇರುವುದು ಆಗಲೇ. ಮಲೆನಾಡಿನ ಸೆರಗಿನಿಂದ, ಸೋನೆ ಮಳೆಯಲ್ಲಿ ಶಾಲು ಹೊದ್ದು ಕೂತಿದ್ದವರನ್ನು ಎಬ್ಬಿಸಿಕೊಂಡು ಬಂದು, ಮೂವತ್ತೈದು ಡಿಗ್ರಿಯ ಬೆವರಿನಲ್ಲಿ ಅದ್ದಿದಂತಾಯಿತು.

ನಾವಿರುವುದು ಎಡೊಗಾವಾ ವಾರ್ಡಿನ ನಿಶಿ-ಕಸಾಯಿಯಲ್ಲಿ. ರೈಲ್ವೆ ಸ್ಟೇಷನ್ನಿನಿಂದ ಇಳಿದರೆ ಹತ್ತು ಹೆಜ್ಜೆಗೊಬ್ಬ ನಮ್ಮವ ಸಿಗುತ್ತಾನೆ. 2000ದ ಕಂಪ್ಯೂಟರ್ ಗಾಬರಿಯ ಹೊತ್ತಿಗೆ ಎಂಜಿನಿಯರುಗಳು ಹಿಂಡು ಹಿಂಡಾಗಿ ಬಂದು ಸೇರಿದ ಜಾಗ ಇದು. ಅವರಿಗಿಂತ ಎಷ್ಟೋ ಮೊದಲು, 1978ರಲ್ಲೇ ಜಪಾನಿಗೆ ಬಂದಿದ್ದ ಜಗಮೋಹನ್ ಚಂದ್ರಾಣಿ ಎಂಬವರು ಇಲ್ಲಿ ನೆಲೆಯೂರಿದ್ದರು. ಅವರ ವ್ಯಾಪಾರ ಡಾರ್ಜಿಲಿಂಗ್ ಚಹಾದ ಆಮದು. ಒಬ್ಬಂಟಿ ಎಂಜಿನಿಯರುಗಳು ಹಸಿದು ಒಣಗುವುದನ್ನು ನೋಡಲಾರದೆ ಸಸ್ಯಾಹಾರದ ಮೆಸ್ ತೆರೆದವರೂ ಅವರೇ. ಈ ಚರಿತ್ರೆಯನ್ನು ಹೆಮ್ಮೆಯಿಂದ ಅಪ್ಪನಿಗೆ ಹೇಳಿದ್ದು ನನಗೇ ತಿರುಗಿತು. “ಚಾಪುಡಿ ಮಾರೋ ಮನುಷ್ಯಾ ಕಟ್ಟಿದ ಊರಿದು. ಇಲ್ಲಿ ಕೂತು ನೀನು ನಂಗ ಸೀದ ನೀರು ಕುಡಿಸ್ತೀಯ?”

ಸೀದ ನೀರು ಅಂದರೆ ಮುಗಿಚಾ. ಸಿಪ್ಪೆ ಸಮೇತ ಬಾರ್ಲಿ ಕಾಳನ್ನು, ಅಂದರೆ ನಮ್ಮ ಜವೆಗೋಧಿಯನ್ನು, ಕಪ್ಪಾಗುವವರೆಗೆ ಹುರಿದು ನೀರಿಗೆ ಹಾಕಿದರೆ ಆಯಿತು. ಚಹಾ ಗಿಡಕ್ಕೂ ಅದಕ್ಕೂ ಸಂಬಂಧವಿಲ್ಲ, ಕೆಫೀನ್ ಎಂಬುದಿಲ್ಲ. ಹಾಗಾಗಿ ಇಲ್ಲಿ ತೊಟ್ಟಿಲ ಕೂಸಿನಿಂದ ಹಿಡಿದು ಊರುಗೋಲಿನ ಅಜ್ಜಿಯವರೆಗೆ ಎಲ್ಲರಿಗೂ ಬೇಸಿಗೆಯ ನೀರು ಅದೇ. ಮಕ್ಕಳು ಇಸ್ಕೂಲಿಗೆ ಕೊರಳಿಗೆ ನೇತುಹಾಕಿಕೊಂಡು ಹೋಗುವ ಫ್ಲಾಸ್ಕಿನಲ್ಲೂ ಅದೇ. ಎಡೊ ಕಾಲದಲ್ಲಿ ಬೇಸಿಗೆಯ ಸಂಜೆ ಬೀದಿಬದಿಯಲ್ಲಿ ಇದನ್ನು ಬಿಸಿಬಿಸಿಯಾಗಿ ಮಾರುವ ಅಂಗಡಿಗಳಿದ್ದುವಂತೆ. ಫ್ರಿಜ್ ಬಂದ ಮೇಲೆ ತಣ್ಣಗಾಯಿತು. ಜೂನ್ 1 ಅದರ ದಿನಾಚರಣೆ. ಕೊರಿಯಾದವರೂ ಬಿಟ್ಟಿಲ್ಲ, ಅವರದು ಬೋರಿಚಾ. ಹೋಟೆಲಿನಲ್ಲಿ ಕೂತ ಕೂಡಲೇ ನೀರಿನ ಬದಲು ಅದನ್ನೇ ತಂದಿಡುವುದುಂಟು.

ಅಪ್ಪನ ಮುಂದೆ ಮಾಡಿ ತೋರಿಸಿದೆ. ಗಾಜಿನ ಜಗ್ಗಿನ ತಣ್ಣೀರಿಗೆ ಅಂಗೈಯಗಲದ ಒಂದು ಚೀಲ ಇಳಿಬಿಟ್ಟರೆ ಕಂದು ಎಳೆಗಳು ಚೀಲದ ಮೂಲೆಗಳಿಂದ ಜಾರಿ, ತಳಕ್ಕೆ ಹೋಗಿ ಕೂತು, ಅಲ್ಲಿಂದ ಮೆಲ್ಲಗೆ ಮೇಲಕ್ಕೆ ಹಬ್ಬುತ್ತವೆ. ಫ್ರಿಜ್ಜಿನಲ್ಲಿ ಒಂದೆರಡು ತಾಸು ಬಿಟ್ಟರೆ ಜಗ್ಗಿಗೆ ಜಗ್ಗೇ ಕಂದು. ಅಪ್ಪ ಲೋಟವನ್ನು ಮೂಗಿನ ಹತ್ತಿರ ಹಿಡಿದರು, ದೂರ ಹಿಡಿದರು, ಬೆಳಕಿಗೆ ಹಿಡಿದರು.

“ಯಾರೋ ಹುರಿಯಾಕಿಟ್ಟು, ಫೋನ್ ಬಂತು ಅಂತ ಎದ್ದು ಹೋಗ್ಯಾರ.”

ಬೇಕೆಂದೇ ಹಾಗೆ ಹುರಿಯುತ್ತಾರೆ, ಹಳೇ ಪದ್ಧತಿಯವರು ಈಗಲೂ ಕಾದ ಮರಳಿನಲ್ಲೇ ಹುರಿಯುವುದು ಎಂದೆ. ಮರಳು ಅಂದ ಕೂಡಲೇ ಅಪ್ಪನ ಮುಖ ಸ್ವಲ್ಪ ಸಡಿಲಾಯಿತು. ನಮ್ಮ ಕಡೆಯ ಮಂಡಕ್ಕಿ ಭಟ್ಟಿಯಲ್ಲೂ ಕಾದ ಮರಳೇ ತಾನೆ. “ಮಂಡಕ್ಕಿ ಅರಳಿದ ಮ್ಯಾಲೆ ಮರಳು ಜರಡಿ ಹಿಡಿದು ಮಂಡಕ್ಕಿ ತಿಂತೀವಪ. ಭಟ್ಟಿ ತೊಳೆದ ನೀರು ಕುಡಿಯಂಗಿಲ್ಲ,” ಎಂದು ಲೋಟ ಕೆಳಗಿಟ್ಟರು.

ಅಮ್ಮನಿಗೆ ‘ಬಾರ್ಲಿ’ ಒಂದೇ ಸಾಕಾಯಿತು. ಬಸುರಿಯರ ಕಾಲು ಬಾತರೆ ಬಾರ್ಲಿ ನೀರು, ಉರಿಮೂತ್ರವಾದರೆ ಬಾರ್ಲಿ ನೀರು. ಆಕೆ ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡು, “ತಂಪು,” ಎಂದು ಷರಾ ಬರೆದಳು. ಅಪ್ಪನಿಗೂ ಕುಡಿಯಲು ಹೇಳಿದಳು.

“ನಂಗೇನಾಗೈತಿ?”

“ಏನೂ ಆಗಿಲ್ಲ.”

“ಮತ್ಯಾಕ ಕುಡೀಲಿ?”

ಈ ವಾದಕ್ಕೆ ಉತ್ತರ ನನ್ನಲ್ಲಿರಲಿಲ್ಲ. ಅಪ್ಪ ಈಸೂರಿನವರು ಬೇರೆ. “ಏಸೂರು ಕೊಟ್ಟರೂ ಈಸೂರು ಕೊಡೆವು” ಎಂದು 1942ರಲ್ಲಿ ಬ್ರಿಟಿಷರಿಗೇ ಹೇಳಿದ ಊರಿನ ಮನುಷ್ಯ ಮಗನ ಫ್ರಿಜ್ಜಿಗೆ ಬಗ್ಗುವುದುಂಟೆ? ಬಗ್ಗಿಸಿದವನು ಮೊಮ್ಮಗ, ಅದೂ ಅಜ್ಜನೇ ಕೊಟ್ಟ ಆಯುಧದಿಂದ.

ರಾತ್ರಿ ಅಜ್ಜ ಮೊಮ್ಮಗನಿಗೆ ಊರಿನ ಕಥೆ ಹೇಳುತ್ತಿದ್ದರು. ವೀರಭದ್ರೇಶ್ವರ ಗುಡಿಯ ಮೇಲೆ ಬಾವುಟ ಏರಿಸಿದ್ದು, ಕಂದಾಯ ಕೊಡುವುದಿಲ್ಲ ಎಂದದ್ದು, ನಮ್ಮದು ಸ್ವತಂತ್ರ ಸರ್ಕಾರ ಎಂದು ಸಾರಿದ್ದು. ಆ ಸರ್ಕಾರದಲ್ಲಿ ಮೀಸೆ ಮೂಡದ ಹುಡುಗರೇ ಅಧಿಕಾರಿಗಳು. ಜಯಣ್ಣ ಎಂಬ ಹುಡುಗ ಅಮಲ್ದಾರ (ಈಗಿನ ತಹಶೀಲ್ದಾರ), ಮಲ್ಲಪ್ಪಯ್ಯ ಎಂಬ ಇನ್ನೊಬ್ಬ ಸಬ್ ಇನ್‌ಸ್ಪೆಕ್ಟರ್. ಹುಡುಗರನ್ನು ಜೈಲಿಗೆ ಹಾಕಲಾರರು ಎಂಬ ಲೆಕ್ಕಾಚಾರ. ಊರೊಳಗೆ ಬಂದ ಸರ್ಕಾರಿ ಅಧಿಕಾರಿ ಗಾಂಧಿ ಟೋಪಿ ಹಾಕಬೇಕು ಎಂಬ ಹಟ.

ಕಥೆಯನ್ನು ಎಲ್ಲಿ ನಿಲ್ಲಿಸಬೇಕೆಂದು ಅಪ್ಪನಿಗೆ ಗೊತ್ತು. ಆ ಸೆಪ್ಟೆಂಬರಿನ ಘರ್ಷಣೆಯಲ್ಲಿ ನಿಜವಾದ ಅಮಲ್ದಾರ ಮತ್ತು ಸಬ್ ಇನ್‌ಸ್ಪೆಕ್ಟರ್ ಸತ್ತದ್ದು, ಪೊಲೀಸರು ಊರಿಗೆ ನುಗ್ಗಿದ್ದು, ಜನ ಕಾಡು ಸೇರಿದ್ದು, 1943ರ ಮಾರ್ಚಿನಲ್ಲಿ ಗುರಪ್ಪ, ಮಲ್ಲಪ್ಪ, ಸೂರ್ಯನಾರಾಯಣಾಚಾರಿ, ಹಾಲಪ್ಪ, ಶಂಕರಪ್ಪ ಈ ಐವರನ್ನು ಗಲ್ಲಿಗೇರಿಸಿದ್ದು, ಇವು ಹುಡುಗ ಮಲಗಿದ ಮೇಲಿನ ಮಾತುಗಳು. ನನಗೂ ಅವನ್ನು ಹೇಳಿದ್ದು ನಾನು ಹೈಸ್ಕೂಲು ಸೇರಿದ ಮೇಲೆಯೇ.

ಮೊಮ್ಮಗನ ಕಿವಿಗೆ ಬಿದ್ದದ್ದು ಒಂದೇ: ಈಸೂರಿನ ಕಾನೂನಿನಂತೆ ಮನೆಗೆ ಚಿಕ್ಕವನೇ ಅಮಲ್ದಾರ. ಬೆಳಿಗ್ಗೆ ಎದ್ದವನೇ ಹುಕುಂ ಹೊರಡಿಸಿದ. ಹೊರಗಿನಿಂದ ಮನೆಯೊಳಗೆ ಕಾಲಿಟ್ಟವರೆಲ್ಲ ಟೋಪಿ ಹಾಕಿಕೊಂಡು ಒಂದು ಲೋಟ ಮುಗಿಚಾ ಕುಡಿಯತಕ್ಕದ್ದು. ಗಾಂಧಿ ಟೋಪಿ ಎಲ್ಲಿಂದ ತರೋಣ? ಅವನಿಗೆ ಇಸ್ಕೂಲಿನಲ್ಲಿ ಕಲಿಸಿದ್ದ ಕಾಗದದ ಟೋಪಿ ಒಂದೇ, ಕಬುತೊ, ಸಮುರಾಯಿಗಳ ಶಿರಸ್ತ್ರಾಣ. ಎರಡೂ ಕಡೆ ಕೊಂಬು. ಅಪ್ಪ ತರಕಾರಿ ಅಂಗಡಿಯಿಂದ ವಾಪಸು ಬಂದರು. ಬಾಗಿಲಲ್ಲಿ ಅಮಲ್ದಾರರು ನಿಂತಿದ್ದರು. ಅಪ್ಪ ನನ್ನ ಮುಖ ನೋಡಿದರು. ನಾನು ಕಂದಾಯ ಇಲಾಖೆಯ ವಿಷಯದಲ್ಲಿ ಕೈಹಾಕುವುದಿಲ್ಲ ಎಂಬಂತೆ ಲ್ಯಾಪ್‌ಟಾಪ್ ನೋಡಿದೆ. ಜಪಾನೀ ಸುದ್ದಿಪತ್ರಿಕೆಯ ಕೊಂಬುಗಳನ್ನು ಹೊತ್ತು, ಮೂಗು ಬಿಗಿಹಿಡಿದು, ಈಸೂರಿನ ಹಿರಿಯರೊಬ್ಬರು ಬಾರ್ಲಿ ಚಾ ಕುಡಿದು ಮುಗಿಸಿದರು.

“ಹೆಂಗೈತಿ?” ಎಂದಳು ಅಮ್ಮ.

“ಸರ್ಕಾರಿ ಕೆಲಸ,” ಎಂದರು.

ಮಾರನೇ ದಿನದಿಂದ ಅಪ್ಪ ಹೊರಗೆ ಹೋಗುವುದನ್ನೇ ಕಡಿಮೆ ಮಾಡಿದರು.

ಶ್ರಾವಣದ ಹೋಳಿಗೆಯ ಪ್ರಕರಣ ಇದರ ನಡುವೆಯೇ ಆದದ್ದು. ಜಪಾನಿನಲ್ಲಿ ಪ್ರತಿ ಮನೆಯಲ್ಲೂ ಹೇಳುವ ನಗೆಪ್ರಸಂಗವೊಂದಿದೆ: ನೂಡಲ್ಸ್ ಅದ್ದಿ ತಿನ್ನುವ ಮೆನ್‌ತ್ಸುಯು ಎಂಬ ರಸ ನೋಡಲು ಮುಗಿಚಾದ ತದ್ರೂಪ, ಆಟವಾಡಿ ಬಂದ ಮಕ್ಕಳು ಫ್ರಿಜ್ಜಿನಿಂದ ಅದನ್ನೆತ್ತಿ ಕುಡಿದು ಉಗುಳುತ್ತವೆ. ಅದಕ್ಕೆ ಒಣಮೀನಿನ ರಸ ಬೀಳುವುದರಿಂದ ನಮ್ಮ ಮನೆಗೆ ಪ್ರವೇಶವಿಲ್ಲ. ಹಾಗಾಗಿ ಆ ಗಂಡಾಂತರ ನಮಗಿಲ್ಲ ಎಂದುಕೊಂಡಿದ್ದೆವು. ಅಮ್ಮ ಹೋಳಿಗೆ ಮಾಡಿದ್ದಳು. ಹೋಳಿಗೆ ಆದ ಮೇಲೆ ಬೇಳೆಕಟ್ಟಿನ ಸಾರು ಆಗಲೇಬೇಕು, ಮಾರನೇ ದಿನಕ್ಕೆ ಅದು ಇನ್ನೂ ರುಚಿ. ತಿಳಿಯನ್ನು ಬಸಿದು, ಇನ್ನೊಂದು ಗಾಜಿನ ಜಗ್ಗಿಗೆ ತುಂಬಿ ಫ್ರಿಜ್ಜಿನಲ್ಲಿಟ್ಟಿದ್ದಳು.

ಪಕ್ಕದ ಮನೆಯ ಜಪಾನೀ ಅಜ್ಜಿ ಪೀಚ್ ಹಣ್ಣು ಕೊಡಲು ಬಂದರು. ಅಮಲ್ದಾರರು ಮಧ್ಯಾಹ್ನದ ನಿದ್ದೆಯಲ್ಲಿದ್ದರೂ ಅಮ್ಮ ಕಾನೂನು ಪಾಲಿಸಿದಳು. ಅಜ್ಜಿ ಎರಡೂ ಕೈಯಲ್ಲಿ ಲೋಟ ಹಿಡಿದು ಒಂದು ಗುಟುಕು ಕುಡಿದು ನಿಂತರು. ಹುಣಸೆ, ಇಂಗು, ಮೆಣಸು, ಬ್ಯಾಡಗಿ ಮೆಣಸಿನಕಾಯಿ, ಎಲ್ಲವೂ ಐಸಿನಷ್ಟು ತಣ್ಣಗೆ. ಅವರ ಕಣ್ಣು ಒಂದಿಷ್ಟು ದೊಡ್ಡದಾಗಿದ್ದು ಬಿಟ್ಟರೆ ಜಪಾನಿನ ಮರ್ಯಾದೆಗೆ ಎಲ್ಲೂ ಚ್ಯುತಿ ಬರಲಿಲ್ಲ. ತಳದ ಕರಿಬೇವಿನ ತನಕ ಮುಗಿಸಿ, “ಓಯಿಶಿ,” ಅಂದರೆ ರುಚಿಯಾಗಿದೆ, ಎಂದು ತಲೆಬಾಗಿದರು. ಯಾವುದಕ್ಕೆ ಒಳ್ಳೆಯದು ಎಂದು ಸನ್ನೆಯಲ್ಲೇ ಕೇಳಿದರು. ಅಮ್ಮ ಹೊಟ್ಟೆ ಮುಟ್ಟಿಕೊಂಡು, ಕೈಯನ್ನು ಗಾಳಿಯಲ್ಲಿ ಆಡಿಸಿ, ಗ್ಯಾಸು ಹೋಗುತ್ತದೆ ಎಂದು ತಿಳಿಸಿದಳು. ಅಜ್ಜಿಗೆ ತಕ್ಷಣ ಅರ್ಥವಾಯಿತು. ಕಾಯಿಲೆ ಗೊತ್ತಾದರೆ ಕಷಾಯ ಇಳಿಯುವುದು ನಮ್ಮಲ್ಲಿ ಮಾತ್ರವೇ ಅಲ್ಲವೆಂದು ನನಗೆ ಸಮಾಧಾನವಾಯಿತು.

ಆದರೆ ಅಪ್ಪನ ಸಮಾಧಾನ ಅದೇ ವಾರ ಹಾರಿಹೋಯಿತು. ಅಮ್ಮ ವಾಟ್ಸಾಪಿನಲ್ಲಿ ತಂಗಿಯ ಜೊತೆ ಮಾತಾಡುತ್ತಾ, “ಇವರಿಗೆ ದಿನಾ ಬಾರ್ಲಿ ನೀರು ಕೊಡಾಕ ಹತ್ತೀವಿ,” ಅಂದಳು. ಅಷ್ಟೇ. ಸಂಜೆಯ ಹೊತ್ತಿಗೆ ಸೊರಬದ ಭಾವನ ಫೋನು: ಬಾಳೆದಿಂಡಿನ ರಸ, ಬರಿಹೊಟ್ಟೆಗೆ. ಶಿರಾಳಕೊಪ್ಪದಿಂದ ನೆಗ್ಗಿಲು ಮುಳ್ಳಿನ ಕಷಾಯ. ಚಿಕ್ಕಮ್ಮ ಶಿಕಾರಿಪುರದ ಹುಚ್ಚರಾಯಸ್ವಾಮಿಗೆ ಆಗಲೇ ಹರಕೆ ಕಟ್ಟಿಯಾಗಿತ್ತು. ಊರಿನಲ್ಲಿ ಯಾರೋ, ಜಪಾನಿನಲ್ಲಿ ಕಿಡ್ನಿ ಕಲ್ಲು ತೆಗೆಯುವುದಕ್ಕೆ ಒಳ್ಳೊಳ್ಳೆ ಮಷಿನ್ ಅದಾವ, ಅದಕ್ಕೇ ಮಗ ಕರೆಸಿಕೊಂಡಾನ ಎಂದೂ ಹೇಳಿದರಂತೆ. ಅಪ್ಪ ಬಾಲ್ಕನಿಗೆ ಹೋಗಿ, ಸಮುದ್ರದಾಚೆಯ ಈಸೂರಿಗೆ ನೇರವಾಗಿ ಕೇಳಿಸಬೇಕೆಂಬಂತೆ ಕೂಗಿದರು:

“ನಂಗ ಎಲ್ಲಾ ಸರಿಯಾಗೇ ಆಗ್ತೈತಿ!”

ನಿಶಿ-ಕಸಾಯಿ ಎಂಥ ಊರು ಎಂದು ಮೊದಲೇ ಹೇಳಿದ್ದೇನೆ. ಮರುದಿನ ಲಿಫ್ಟಿನಲ್ಲಿ ಮೇಲಿನ ಮಹಡಿಯ ಹುಬ್ಬಳ್ಳಿ ಹುಡುಗಿ ದನಿ ತಗ್ಗಿಸಿ, “ಅಂಕಲ್, ಈಗ ಆರಾಮ ಅದೀರಿ?” ಎಂದಳು.

ಹೊರಡುವಾಗ ಸೊಸೆ ಅವರ ಸೂಟ್‌ಕೇಸಿನ ಮೂಲೆಯಲ್ಲಿ ಮುಗಿಚಾದ ಪಾಕೀಟು ತುರುಕಿದ್ದಳು. ಅಪ್ಪನಿಗೆ ಹೇಳಿರಲಿಲ್ಲ. ಊರಿಗೆ ಹೋದ ಮೇಲೆ ಫಾರಿನ್ ಚಾ ಎಂದು ಬಂದವರಿಗೆಲ್ಲ ಕೊಟ್ಟು ನೋಡಿದರಂತೆ. ಒಬ್ಬರೂ ಎರಡನೇ ಗುಟುಕಿಗೆ ಹೋಗಲಿಲ್ಲ. ಆಮೇಲೆ ಅಪ್ಪನಿಗೇ ಉಪಾಯ ಹೊಳೆಯಿತು. ಈಗ ಹಳ್ಳಿಯಲ್ಲಿ ಐವತ್ತು ದಾಟಿದವರು ಒಬ್ಬರಿಗೊಬ್ಬರು ಸಿಕ್ಕಾಗ ವಿಚಾರಿಸಿಕೊಳ್ಳುವುದು ಅಡಿಕೆ ರೇಟು ಮತ್ತು ಶುಗರ್ ರೇಟು. “ಇದ್ರಾಗ ಸಕ್ಕರಿ ಇಲ್ಲ, ಶುಗರ್ ಇದ್ದೋರೂ ಕುಡೀಬೋದು,” ಎಂದು ಅಪ್ಪ ಒಂದೇ ಮಾತು ಆಡಿದರು. ಅದರಲ್ಲಿ ಸುಳ್ಳೇನಿಲ್ಲ. ಅಂದಿನಿಂದ ಕಟ್ಟೆಯ ಮೇಲೆ ಜಾಗ ಸಾಲುತ್ತಿಲ್ಲವಂತೆ. ಶುಗರ್ ಇಲ್ಲದವರೂ ಮುಂಜಾಗ್ರತೆಗೆಂದು ಬರುತ್ತಿದ್ದಾರಂತೆ.

ಮೊನ್ನೆ ಅಪ್ಪನೇ ಫೋನ್ ಮಾಡಿದ್ದರು. ಕ್ಷೇಮಸಮಾಚಾರವೆಲ್ಲ ಅರ್ಧ ನಿಮಿಷದಲ್ಲಿ ಮುಗಿಯಿತು.

“ಆ ಸೀದ ನೀರಿನ ಚೀಲ ಇನ್ನೊಂದು ಹತ್ತು ಪಾಕೀಟು ಯಾರಾದ್ರೂ ಬರೋರ ಕೈಯಾಗ ಕಳ್ಸು. ಹಂಗೇ ಆ ಪಕ್ಕದ ಮನಿ ಅಜ್ಜೀನ ಒಂದು ಮಾತು ಕೇಳು, ಮಂಡಿನೋವಿಗೂ ಆಕ್ಕೈತೇನು ಅಂತ. ಇಲ್ಲಿ ನಾಕು ಮಂದಿ ಕಾಯಾಕ ಹತ್ಯಾರ.”