ಕೊಪ್ಪಳ ಸೀಮೆಯ ಗುಂಡಿಯುಗ: ಒಂದು ಸಂಶೋಧನೆ

ಫೋನು ಸಣ್ಣದಾದಷ್ಟೂ ಚಿತ್ತ ನೆಟ್ಟಗಿರುತ್ತದೆ ಎಂಬ ಸಿದ್ಧಾಂತಕ್ಕೆ ನಾನು ‘ಅಲ್ಪಫೋನವಾದ’ ಎಂದು ಹೆಸರಿಟ್ಟಿದ್ದೇನೆ. ಇದು ಅಮೆರಿಕದ ‘ಲೈಟ್ ಫೋನ್’ ಜತೆ 2017ರಲ್ಲಿ ಹುಟ್ಟಿತೆಂಬುದು ಪೂರ್ವಪಕ್ಷ. ಕೊಪ್ಪಳ ನೋಡದವರ ಮಾತದು.

ಮೊದಲ ಆಧಾರ, 1931ರಲ್ಲಿ ಬೆಳಕಿಗೆ ಬಂದ ಗವಿಮಠದ ಅಶೋಕ ಶಾಸನ. ಅದೇ ಊರಿನ ಪಾಲ್ಕಿಗುಂಡಿನ ಮೇಲೂ ಅದೇ ಒಕ್ಕಣೆಯಿದೆ. ಅಂದಮೇಲೆ ಫಾರ್ವರ್ಡ್ ಮಾಡುವ ಚಟ ಕ್ರಿಸ್ತಪೂರ್ವ ಮೂರನೆಯ ಶತಮಾನದ್ದೆಂಬುದು ನಿರ್ವಿವಾದ. ಆದರೆ ಸಾಮ್ರಾಟನ ಕೈಯಲ್ಲಿ ಉಳಿ ಇರಲಿಲ್ಲ. ಬ್ರಹ್ಮಗಿರಿಯ ಪ್ರತಿಯಲ್ಲಿ ಚಪಡನೆಂಬ ಲಿಪಿಕಾರನ ಹೆಸರಿದೆ. ಈ ಚಪಡ ಮುಂದೆ ಬೇಕಾಗುತ್ತಾನೆ.

ಹಿರೇಬೆಣಕಲ್ಲಿನ ಮೋರೇರ ಮನೆಗಳು ಬೃಹತ್ ಶಿಲಾಯುಗದವು. ಕುಷ್ಟಗಿಯ ನಮ್ಮ ಕಾಕಾನ ಫೋನು ಗುಂಡಿಯುಗದ್ದು. ಲಕ್ಷಣ ಹೀಗೆ: ನಡುವಿಗೆ ರಬ್ಬರ್ ಬ್ಯಾಂಡು, ತೆಗೆದರೆ ಬ್ಯಾಟರಿ ಮಡಿಲಿಗೆ. ಅಂಕಿಗಳೆಲ್ಲ ಸವೆದು ಐದರ ಮೇಲಿನ ಗುಬುಟು ಮಾತ್ರ ಉಳಿದಿದೆ. ಮಿಕ್ಕದ್ದನ್ನು ಪಾಲ್ಕಿಗುಂಡಿನ ಅಕ್ಷರಗಳಂತೆ ಊಹೆಯಿಂದ ಓದಿಕೊಳ್ಳಬೇಕು. ನೆತ್ತಿಯ ಮೇಲೆ ಟಾರ್ಚು, 2003ರ ನೋಕಿಯಾ 1100ರಿಂದ ಇಳಿದುಬಂದ ವಂಶಲಕ್ಷಣ. ನಡುರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಮೋಟರ್ ಚಾಲೂ ಮಾಡಲು ಹೊಲಕ್ಕೆ ಹೋಗುವ ಕಾಕಾನಿಗೆ ಇದು ಮೂಲತಃ ಟಾರ್ಚು. ಅದರಲ್ಲಿ ಮಾತೂ ಆಡಬಹುದೆಂಬುದು ಮೇಲಿನ ಕೊಸರು.

ಗಂಗಾವತಿಯ ಪ್ರಯೋಗ ವಿಫಲ. ಅಲ್ಲಿ ಅಕ್ಕಿ ಗಿರಣಿಯಲ್ಲಿ ಲೆಕ್ಕ ಬರೆಯುವ ನಮ್ಮ ಅಣ್ಣ ಟಚ್ ಫೋನನ್ನು ಟ್ರಂಕಿನಲ್ಲಿಟ್ಟು ಬಟನ್ ಫೋನ್ ಹಿಡಿದ. ಮೂರನೆಯ ದಿನ ಅತ್ತಿಗೆಯ ಹತ್ತಿರ ಟ್ರಂಕಿನ ಕೀಲಿಕೈ ಕೇಳಿದ. ಯಲಬುರ್ಗಾ ಸೀಮೆಯ ದತ್ತಾಂಶದ ಬಗ್ಗೆ ಕ್ಷಮೆಯಿರಲಿ: 1112ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇಗುಲ ನೋಡಲು ಹೊರಟ ಸಂಶೋಧಕನು ಬಸ್ಸಿನಲ್ಲಿ ಅದೇ ದೇಗುಲದ ರೀಲ್ಸ್ ನೋಡುತ್ತ ಕುಕನೂರಿನಲ್ಲಿ ಇಳಿಯುವುದನ್ನೇ ಮರೆತ.

ಹಾಗಾದರೆ ಕಾಕಾನೊಬ್ಬನೇ ಸಿದ್ಧಪುರುಷನೆ? ಅವನ ಫೋನಿನಿಂದ ನನಗೆ ದಿನಾ ಮಿಸ್ ಕಾಲ್ ಬರುತ್ತದೆ. “ತಮ್ಮಾ, ಶೇಂಗಾ ರೇಟ್ ಏನೈತಿ ನೋಡು.” “ಮಳಿ ಐತೇನ್ ನೋಡು.” “ಬೀಗರು ವಾಟ್ಸಾಪಿನ್ಯಾಗ ಏನ್ ಬಿಟ್ಟಾರ ನೋಡು.” ಒಂದು ಅಲ್ಪಫೋನ ನಡೆಯಲು ಮನೆಯಲ್ಲೊಂದು ಮಹಾಫೋನ ಬೇಕೆಂಬ ಉಪಪ್ರಮೇಯ ಇಲ್ಲಿ ಸಿದ್ಧವಾಗುತ್ತದೆ. ಅವನು ಅಶೋಕ, ನಾನು ಚಪಡ.

ಗವಿಸಿದ್ಧೇಶ್ವರ ಜಾತ್ರೆಯಲ್ಲಿ ತೇರು ಎಳೆದಾಗ ಸುತ್ತಲೂ ಫೋನುಗಳು ಮೇಲೆದ್ದವು, ನನ್ನದೂ. ಕಾಕಾ ಕಣ್ಮುಚ್ಚಿ ಕೈಮುಗಿದು, ಗುರಿಯಿಟ್ಟು ಉತ್ತತ್ತಿ ಒಗೆದ. ಈ ಪ್ರಬಂಧಕ್ಕೆ ಇದಕ್ಕಿಂತ ಸಾಕ್ಷಿ ಬೇಡವೆಂದು ಅಲ್ಲೇ ತೀರ್ಮಾನಿಸಿದೆ. ರಾತ್ರಿ ಊಟಕ್ಕೆ ಕೂತಾಗ ಕಾಕಾ ಪಕ್ಕಕ್ಕೆ ಸರಿದ.

“ತಮ್ಮಾ, ನಿನ್ನ ಟಚ್‌ನ್ಯಾಗ ತೇರಿಂದು ಹಚ್ಚು.”

ಹಚ್ಚಿದೆ. ಅರ್ಧ ತೇರು, ಅರ್ಧ ಮುಂದೆ ನಿಂತವನ ಫೋನು. ಕಾಕಾ ಎರಡು ಸಲ ನೋಡಿದ.

“ನಾ ಒಗೆದ ಉತ್ತತ್ತಿ ಎಲ್ಲೈತಿ?”