ಧೂಮಮೀಮಾಂಸೆ: ವಾರಂಟಿ ಮುಗಿದ ಡೀಸೆಲ್ ಎಸ್‌ಯುವಿಯ ಹಳದಿ ದೀಪದ ಮೇಲೊಂದು ಭಾಷ್ಯ

ಶಾಸ್ತ್ರಗ್ರಂಥ ಅಂದಮೇಲೆ ಅಧಿಕಾರಿ, ವಿಷಯ, ಸಂಬಂಧ, ಪ್ರಯೋಜನ ಈ ನಾಲ್ಕನ್ನು ಮೊದಲೇ ಹೇಳಿಬಿಡಬೇಕು. ಬಿಎಸ್6 ಡೀಸೆಲ್ ಎಸ್‌ಯುವಿ ಕೊಂಡು, ವಾರಂಟಿ ಕಳೆದುಕೊಂಡು, ಇಎಂಐ ಮಾತ್ರ ಉಳಿಸಿಕೊಂಡವನೇ ಇದರ ಅಧಿಕಾರಿ. ಡ್ಯಾಶ್‌ಬೋರ್ಡಿನಲ್ಲಿ ಹೊತ್ತಿಕೊಳ್ಳುವ ಹಳದಿ ದೀಪವೇ ವಿಷಯ. ದೀಪಕ್ಕೂ ಅವನ ಬ್ಯಾಂಕ್ ಖಾತೆಗೂ ಇರುವುದೇ ಸಂಬಂಧ. ಪ್ರಯೋಜನವೇನೂ ಇಲ್ಲ, ಸರ್ವಿಸ್ ಸೆಂಟರಿನ ಸೋಫಾದ ಮೇಲೆ ಕೂತು ಎಸ್ಟಿಮೇಟಿಗೆ ಕಾಯುವಾಗ ಓದಿಕೊಳ್ಳಬಹುದು.

ನಮ್ಮ ತಾರ್ಕಿಕರು ಶತಮಾನಗಟ್ಟಲೆ ಒಂದೇ ಉದಾಹರಣೆಯಲ್ಲಿ ಸಂಸಾರ ತೂಗಿಸಿದರು: ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿ ಇದೆ. ಅದನ್ನೇ ತಿರುಗಿಸಿ ಹೇಳಿದರೆ ಒಪ್ಪುತ್ತಿರಲಿಲ್ಲ. ಕಾದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದೆ, ಹೊಗೆ ಎಲ್ಲಿದೆ ಎಂದು ಕೇಳುತ್ತಿದ್ದರು. 2020ರ ಏಪ್ರಿಲ್ 1ರಂದು ಆ ಕಬ್ಬಿಣದ ಗುಂಡಿಗೆ ನಾಲ್ಕು ಚಕ್ರ ಮೂಡಿದವು. ಸರ್ಕಾರ ಬಿಎಸ್4ರಿಂದ ನೇರ ಬಿಎಸ್6ಕ್ಕೆ ಜಿಗಿಯಿತು. ಡೀಸೆಲ್ ಕಾರು ಕಿಲೋಮೀಟರಿಗೆ ಉಗುಳಬಹುದಾದ ಮಸಿಕಣ 25 ಮಿಲಿಗ್ರಾಂನಿಂದ 4.5ಕ್ಕೂ ನೈಟ್ರೋಜನ್ ಆಕ್ಸೈಡ್ 250ರಿಂದ 80ಕ್ಕೂ ಇಳಿಯಿತು. ಹೊಗೆ ಮಾಯವಾಯಿತು, ಅನುಮಾನಕ್ಕೆ ಹೊಸ ಹೇತು ಸಿಕ್ಕಿತು. ಎಲ್ಲೆಲ್ಲಿ ದೀಪವೋ ಅಲ್ಲಲ್ಲಿ ಬಿಲ್ಲು. ಈ ವ್ಯಾಪ್ತಿಗೆ ಅಪವಾದ ತೋರಿಸಿದ ಮಾಲೀಕ ಇನ್ನೂ ಹುಟ್ಟಿಲ್ಲ.

ಈಗ ಮೂಲಸ್ಥಾನಕ್ಕೆ ಬರೋಣ. ಡಿಪಿಎಫ್ ಅಂದರೆ ಹೊಗೆಕೊಳವೆಯ ದಾರಿಯಲ್ಲಿ ಕೂತ, ಜೇನುಗೂಡಿನ ಹಾಗೆ ತೂತುತೂತಾದ ಪಿಂಗಾಣಿ. ಮಸಿಯನ್ನು ಹಿಡಿದಿಟ್ಟುಕೊಳ್ಳುತ್ತದೆ, ತುಂಬಿದಾಗ ಸುಮಾರು 600 ಡಿಗ್ರಿ ಕಾದು ತಾನೇ ಸುಟ್ಟುಹಾಕುತ್ತದೆ. ಈ ತಪಸ್ಸಿಗೆ ರೀಜನರೇಷನ್ ಎಂದು ಹೆಸರು. ಗಾಡಿ ಒಂದೇ ಸಮ ವೇಗದಲ್ಲಿ ಇಪ್ಪತ್ತು ನಿಮಿಷವಾದರೂ ಓಡಿದರೆ ತಪಸ್ಸು ಫಲಿಸುತ್ತದೆ. ನಮ್ಮ ಅಧಿಕಾರಿಯ ಮನೆ ಬಿಟಿಎಂ ಲೇಔಟು, ಆಫೀಸು ಬೆಳ್ಳಂದೂರು, ನಡುವೆ ಸಿಲ್ಕ್ ಬೋರ್ಡ್. ತಪಸ್ಸು ಶುರುವಾಗುವುದಕ್ಕೂ ಮುಂದಿನ ಬಿಎಂಟಿಸಿ ಬಸ್ಸು ನಿಲ್ಲುವುದಕ್ಕೂ ಸರಿಹೋಗುತ್ತದೆ. ಹೀಗೆ ನಾಲ್ಕಾರು ಸಲ ಭಂಗವಾದರೆ ಪಿಕಪ್ ಹೋಗುತ್ತದೆ, ಗಾಡಿ ಲಿಂಪ್ ಮೋಡಿಗೆ ಜಾರುತ್ತದೆ. ‘ಡಿಪಿಎಫ್ ಚೋಕ್ ಆಗಿದೆ ಸರ್, ಹೈವೇಲಿ ಒಂದು ರೌಂಡ್ ಹೊಡ್ಕೊಂಡು ಬನ್ನಿ’ ಎಂದು ಅಡ್ವೈಸರ್ ಪ್ರಾಯಶ್ಚಿತ್ತ ವಿಧಿಸುತ್ತಾನೆ.

ಭಾನುವಾರ ಬೆಳಗಿನ ಆರಕ್ಕೆ ತುಮಕೂರು ರಸ್ತೆಯಲ್ಲಿ ನಿಂತು ನೋಡಿ. ಏಳು ಸೀಟಿನ ಗಾಡಿ, ಒಳಗೆ ಒಬ್ಬನೇ. ಗೇರ್ ಒಂದು ಮೆಟ್ಟಿಲು ಇಳಿಸಿ ಎಂಜಿನ್ ಕೂಗಿಸುತ್ತ ಟೋಲ್ ಕಟ್ಟಿ ಹೋಗುತ್ತಾನೆ, ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು, ಮತ್ತೆ ಟೋಲ್ ಕಟ್ಟಿ ಬರುತ್ತಾನೆ. ಗಾಳಿ ಶುದ್ಧವಾಗಲೆಂದು ಕೆಲಸವಿಲ್ಲದೆ ನೂರಿಪ್ಪತ್ತು ಕಿಲೋಮೀಟರು ಡೀಸೆಲ್ ಸುಡುವ ಈ ವ್ರತವನ್ನು ಧರ್ಮಶಾಸ್ತ್ರಗಳು ಯಾಕೋ ಗಮನಿಸಿಲ್ಲ.

ಅಪೂರ್ಣ ತಪಸ್ಸಿನ ಇನ್ನೊಂದು ಫಲ ಡಿಪ್‌ಸ್ಟಿಕ್ಕಿನಲ್ಲಿ ಪ್ರತ್ಯಕ್ಷ. ಎಂಜಿನ್ ಆಯಿಲ್ ಕಡಿಮೆಯಾಗುವುದು ಲೋಕರೂಢಿ. ಇಲ್ಲಿ ಗರಿಷ್ಠ ಗೆರೆ ದಾಟಿ ಮೇಲೇರುತ್ತದೆ. ಶಾಖ ಹೆಚ್ಚಿಸಲೆಂದು ಕೊನೆಗಳಿಗೆಯಲ್ಲಿ ಚಿಮ್ಮಿಸಿದ ಡೀಸೆಲ್ಲೇ ಸಿಲಿಂಡರ್ ಗೋಡೆಯಿಂದಿಳಿದು ಆಯಿಲ್ಲಿಗೆ ಬೆರೆತಿರುತ್ತದೆ. ಬಟ್ಟೆಯಲ್ಲಿ ಒರೆಸಿ ಮೂಸಿದರೆ ವಾಸನೆಯೇ ಪ್ರಮಾಣ. ಮಸಿಯೇನೋ ಸುಟ್ಟೀತು, ಆಯಿಲ್ಲಿನ ಲೋಹಾಂಶದ ಬೂದಿ ಸುಡುವುದಿಲ್ಲ. ಅದು ಫಿಲ್ಟರಿನ ತಳದಲ್ಲಿ ಕೂತೇ ಇರುತ್ತದೆ. ಕಡಿಮೆ ಬೂದಿಯ ಆಯಿಲ್ಲನ್ನೇ ಹಾಕಬೇಕು ಎಂಬ ವಿಧಿವಾಕ್ಯ ಮ್ಯಾನುಯಲ್ಲಿನಲ್ಲಿದೆ, ಮ್ಯಾನುಯಲ್ಲು ಗ್ಲವ್ ಬಾಕ್ಸಿನಲ್ಲಿದೆ.

ಮಸಿಯ ಪಾಡು ಡಿಪಿಎಫ್‌ನದಾದರೆ ನೈಟ್ರೋಜನ್ ಆಕ್ಸೈಡನ್ನು ಅಡಗಿಸಲು ಹೊಗೆಗೆ ಚಿಮ್ಮಿಸುವುದು ಯೂರಿಯಾ ದ್ರಾವಣ. ಆ ಪ್ರಕರಣವನ್ನು ಸಂಕ್ಷೇಪಿಸುತ್ತೇನೆ. 1828ರಲ್ಲಿ ಜರ್ಮನಿಯ ವೋಲರ್ ಪ್ರಾಣಿಯ ಮೂತ್ರಪಿಂಡದ ನೆರವಿಲ್ಲದೆ ಯೂರಿಯಾ ತಯಾರಿಸಿದ. ಅದು ಮುಂದೊಂದು ದಿನ ಎಸ್‌ಯುವಿಯ ಎರಡನೇ ಟ್ಯಾಂಕಿಗೆ ಹೋದೀತೆಂದು ಅವನು ಊಹಿಸಿರಲಿಕ್ಕಿಲ್ಲ. ಶೇ 32.5 ಯೂರಿಯಾ, ಮಿಕ್ಕಿದ್ದು ಶುದ್ಧ ನೀರು. ಗೊಬ್ಬರದಂಗಡಿಯ ಯೂರಿಯಾ ಕದಡಿ ಸುರಿದ ಬುದ್ಧಿವಂತರಿದ್ದಾರೆ. ಆ ಯೂರಿಯಾಕ್ಕೆ ಬೇವಿನೆಣ್ಣೆಯ ಲೇಪ ಇರುತ್ತದೆ. ಪೈರಿಗೆ ಅದು ಹಿತ, ಇಂಜೆಕ್ಟರಿಗೆ ವಿಷ.

ರೋಗಪರಿಹಾರದಲ್ಲಿ ಎರಡು ದರ್ಶನಗಳು. ಸರ್ವಿಸ್ ಸೆಂಟರಿನದು ಪೂರ್ಣವಾದ: ಬಿಡಿಭಾಗವೆಂಬುದು ಮಿಥ್ಯೆ, ಅಸೆಂಬ್ಲಿಯೊಂದೇ ಸತ್ಯ. ಬೆರಳುದ್ದದ ಸೆನ್ಸರ್ ಸುಳ್ಳು ಹೇಳಿದರೂ ಎಸ್ಟಿಮೇಟು ಇಡೀ ಕೊಳವೆಗೆ ಬರುತ್ತದೆ. ಒಳಗೆ ಪ್ಲಾಟಿನಂ ಜಾತಿಯ ಲೋಹ ಲೇಪಿಸಿರುವುದರಿಂದ ಮಾತು ಲಕ್ಷಗಳಲ್ಲಿ ನಡೆಯುತ್ತದೆ. ಗಲ್ಲಿ ಗ್ಯಾರೇಜಿನದು ಶೂನ್ಯವಾದ: ‘ಡಿಲೀಟ್ ಮಾಡ್ಬಿಡೋಣ ಅಣ್ಣ’. ಫಿಲ್ಟರಿನ ಹೊಟ್ಟೆ ಬಗೆದು ಖಾಲಿ ಡಬ್ಬಿ ಬೆಸುಗೆ ಹಾಕಿ, ಲ್ಯಾಪ್‌ಟಾಪಿನಿಂದ ಕಂಪ್ಯೂಟರಿಗೆ ಸಮಾಧಾನ ಹೇಳಿದರೆ ದೀಪಕ್ಕೂ ನಿರ್ವಾಣ. ಇದು ಕಾನೂನುಬಾಹಿರ. ಆದರೆ ಪಿಯುಸಿಯವನು ಡೀಸೆಲ್ ಗಾಡಿಯಲ್ಲಿ ಅಳೆಯುವುದು ಹೊಗೆಯ ಸಾಂದ್ರತೆ ಒಂದನ್ನೇ, ನೈಟ್ರೋಜನ್ ಆಕ್ಸೈಡಿನ ಗೊಡವೆಗೇ ಹೋಗುವುದಿಲ್ಲ. ಸೆನ್ಸರಿಗೆ ಸಾವಿರಾರು ಸುರಿದ ಪ್ರಾಮಾಣಿಕನಿಗೂ ಯೂರಿಯಾ ವ್ಯವಸ್ಥೆಯ ವೈರು ಕಿತ್ತವನಿಗೂ ಒಂದೇ ಚೀಟಿ.

ಇನ್ನು ಸಿದ್ಧಾಂತ. ನಿಯಮ ಸರಿಯಾಗೇ ಇದೆ. ಬೆಂಗಳೂರಿನ ಶ್ವಾಸಕೋಶಕ್ಕೆ ಆ ಪಿಂಗಾಣಿ ಬೇಕು. ತಪ್ಪು ಇರುವುದು ದಿನಕ್ಕೆ ಎಂಟು ಕಿಲೋಮೀಟರು ಓಡುವವನಿಗೆ ಡೀಸೆಲ್ ಮಾರುವಾಗ ಈ ತಪಸ್ಸಿನ ಸುದ್ದಿಯೆತ್ತದ ಶೋರೂಮಿನಲ್ಲಿ. ಅಮೆರಿಕದಲ್ಲಿ ಕ್ಯಾಟಲಿಟಿಕ್ ಕನ್ವರ್ಟರಿಗೂ ಹೊಗೆ ನಿಯಂತ್ರಿಸುವ ಕಂಪ್ಯೂಟರಿಗೂ 8 ವರ್ಷ ಅಥವಾ 80,000 ಮೈಲಿ ವಾರಂಟಿ ಕೊಡಲೇಬೇಕೆಂಬ ಕಾನೂನಿದೆ. ನಮ್ಮಲ್ಲೂ ಡಿಪಿಎಫ್‌ಗೆ ಅಷ್ಟು ಆಯುಷ್ಯದ ಹೊಣೆ ತಯಾರಕನದೇ ಆಗಬೇಕು. ಅಲ್ಲಿಯವರೆಗೆ ಸೆಕೆಂಡ್ ಹ್ಯಾಂಡ್ ಡೀಸೆಲ್ ಎಸ್‌ಯುವಿ ನೋಡಲು ಹೋದವರು ಟೈರಿಗೆ ಒದೆಯುವುದನ್ನು ಬಿಟ್ಟು, ಸ್ಕ್ಯಾನರ್ ಹಾಕಿಸಿ ಡಿಪಿಎಫ್‌ನಲ್ಲಿ ಮಸಿ ಎಷ್ಟು, ಬೂದಿ ಎಷ್ಟು ಎಂದು ಓದಿಸಿಕೊಳ್ಳಿ. ಅಡ್ವಾನ್ಸ್ ಕೊಡುವುದು ಆಮೇಲೆ.